ಎಲೆಯ ಚುಕ್ಕಿಯೋ, ಟಿವಿಯ ಚುಕ್ಕಿಯೋ?

ಸ್ಮಾರ್ಟ್ ಟಿವಿ ಒಳ್ಳೆಯದೋ, ಸೆಟ್‌ಟಾಪ್ ಬಾಕ್ಸ್ ಒಳ್ಳೆಯದೋ? ಹೊಸತಕ್ಕೆ ಹಣ ಸುರಿಯುವ ಮೊದಲು ತಡೆ ಎಲ್ಲಿದೆಯೆಂದು ಹುಡುಕಿ ನೋಡಿ.

ಕಳೆದ ಮಳೆಗಾಲದ ಕೊನೆ. ಈಶ್ವರಮಂಗಲದ ನಮ್ಮ ಮನೆ ಚಾವಡಿಯಲ್ಲಿ ಆರೇಳು ಜನ ಸೇರಿದ್ದೆವು. ಎಲ್ಲರೂ ಅಡಿಕೆಯವರೇ. ಎಲೆಚುಕ್ಕಿ ರೋಗದ ಬಗ್ಗೆ ವಿಜ್ಞಾನಿಯೊಬ್ಬರು ವಿವರಿಸುವ ವಿಡಿಯೋ ಬಂದಿತ್ತು. ಮೊಬೈಲಿನಲ್ಲಾದರೆ ಒಬ್ಬರಿಗಷ್ಟೇ ಸರಿಯಾಗಿ ಕಾಣುವುದು. ದೊಡ್ಡ ಟಿವಿಯಲ್ಲಿ ಒಟ್ಟಿಗೆ ನೋಡುವ ಎಂದು ನಾನೇ ಕರೆದದ್ದು. 43 ಇಂಚಿನ ಸ್ಮಾರ್ಟ್ ಟಿವಿ. ಅಡಿಕೆ ಮಾರಿದ ಹಣದಲ್ಲಿ ತಂದು ವರ್ಷ ಆಗಿರಲಿಲ್ಲ.

ವಿಜ್ಞಾನಿ ಸೋಗೆಯ ತುಂಡೊಂದನ್ನು ಕ್ಯಾಮರಾದ ಹತ್ತಿರ ಹಿಡಿದರು. ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ - ಅದನ್ನು ಗಮನಿಸಿ ಎಂದರು. ನಮಗೆ ಕಂಡದ್ದು ಹಸಿರು, ಹಳದಿ ಚೌಕಗಳ ರಾಶಿ.

'ಇದರಲ್ಲಿ ಎಲೆಯ ಚುಕ್ಕಿ ಯಾವುದು, ಟಿವಿಯ ಚುಕ್ಕಿ ಯಾವುದು ಮಾರಾಯ್ರೆ?' ಹಿರಿಯರೊಬ್ಬರು ಕೇಳಿದರು. ಎಲ್ಲರೂ ನಕ್ಕರು. ನಗದವರು ಇಬ್ಬರು. ಒಬ್ಬ, ಟಿವಿಗೆ ದುಡ್ಡು ಕೊಟ್ಟ ನಾನು. ಇನ್ನೊಬ್ಬರು ಪಕ್ಕದ ತೋಟದವರು. ಅವರಲ್ಲಿ ಸೋಗೆ ಹಳದಿಯಾಗತೊಡಗಿತ್ತು. ಮೊಬೈಲಿನಲ್ಲಿ ಇದೇ ವಿಡಿಯೋ ಮಸುಕು ಮಸುಕಾಗಿ ನೋಡಿ, ಇದು ಚುಕ್ಕಿ ರೋಗವೇ ಎಂದು ಹೆದರಿದ್ದರು. ಮದ್ದು ಬಿಡುವವರಿಗೆ ಹೇಳಿಯಾಗಿತ್ತು. ಅವರು ನಾಡಿದ್ದು ಬರುವವರು.

'ನಮ್ಮಲ್ಲಿ ಹೀಗಿಲ್ಲ ಭಾವ. ಬನ್ನಿ, ಅಲ್ಲಿಯೇ ನೋಡುವ' ಎಂದರು ನನ್ನ ಭಾವ. ಅವರ ಮನೆ ನಮ್ಮಿಂದ ಒಂದು ಫರ್ಲಾಂಗು. 32 ಇಂಚಿನ ಹಳೆ ಟಿವಿ. ಅದು ಸ್ಮಾರ್ಟ್ ಅಲ್ಲ. ಅದಕ್ಕೆ ಮೂರು ಸಾವಿರದ ಒಂದು ಪೆಟ್ಟಿಗೆ ಸಿಕ್ಕಿಸಿದ್ದರು. ಇಂಟರ್ನೆಟ್ಟು ನಮ್ಮಲ್ಲಿಗೆ ಬಂದ ಕಂಪೆನಿಯದೇ, ಅದೇ ಪ್ಲಾನು. ಅಲ್ಲಿ ಚುಕ್ಕಿಯೂ ಕಂಡಿತು, ಬಳೆಯೂ ಕಂಡಿತು. ಪಕ್ಕದವರು ಜೇಬಿನಿಂದ ತಮ್ಮ ಸೋಗೆಯ ತುಂಡು ತೆಗೆದು ಹೋಲಿಸಿದರು. ಚುಕ್ಕಿಯೂ ಇಲ್ಲ, ಬಳೆಯೂ ಇಲ್ಲ. ಬರೀ ತುದಿಯಿಂದ ಹಳದಿ. ಮದ್ದಿನವರಿಗೆ ಅಲ್ಲಿಂದಲೇ ಫೋನು ಮಾಡಿ ಸದ್ಯಕ್ಕೆ ಬೇಡ ಎಂದರು. ಟಿವಿ ನೋಡಿ ರೋಗ ನಿರ್ಣಯ ಮಾಡಬೇಡಿ, ಸೋಗೆ ಹಿಡಿದುಕೊಂಡು ಹೋಗಿ ತಿಳಿದವರಿಗೆ ತೋರಿಸಿ ಎಂದು ಎಲ್ಲರೂ ಹೇಳಿದೆವು. ಅವರು ಹಾಗೇ ಮಾಡಿದರು. ಚುಕ್ಕಿ ರೋಗವಲ್ಲವೆಂದು ಖಚಿತವಾಯಿತು. ಒಂದು ಸಿಂಪಡಣೆಯ ಖರ್ಚು ಉಳಿಯಿತು.

ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಮೂರು ಸಾವಿರದ ಪೆಟ್ಟಿಗೆಯ ಎದುರು ನನ್ನ ಇಪ್ಪತ್ತೆಂಟು ಸಾವಿರದ ಟಿವಿ ಸೋತಿತ್ತು!

ಜೆಟ್ ತಿರುಗದಿದ್ದರೆ ಪಂಪು ಬದಲಿಸುತ್ತೀರಾ?

ಪೆಟ್ಟಿಗೆಯೇ ಒಳ್ಳೆಯದು ಎಂದು ತೀರ್ಮಾನಿಸಿ ಪುತ್ತೂರಿಗೆ ಹೊರಟಿದ್ದೆ. ತಡೆದವನು ನವರಾತ್ರಿಗೆಂದು ಬೆಂಗಳೂರಿನಿಂದ ಬಂದಿದ್ದ ಸೋದರಳಿಯ.

'ಮಾವ, ಸ್ಪ್ರಿಂಕ್ಲರಿನ ಜೆಟ್ ತಿರುಗದಿದ್ರೆ ನೀವು ಮೊದಲು ಪಂಪು ಬದಲಿಸ್ತೀರಾ?'

'ಇಲ್ಲಪ್ಪ. ಮೊದಲು ಜೆಟ್ ಬಿಚ್ಚಿ ನೋಡ್ತೇನೆ. ಮತ್ತೆ ಫಿಲ್ಟರ್. ಮತ್ತೆ ಪೈಪು ಒಡೆದಿದೆಯಾ ಅಂತ.'

'ಟಿವಿಗೂ ಅಷ್ಟೇ.'

ಭಾವನ ಪೆಟ್ಟಿಗೆಯನ್ನು ಒಂದು ದಿನಕ್ಕೆ ಕೇಳಿ ತಂದೆವು. ನಮ್ಮ ಚಾವಡಿಯಲ್ಲಿ, ನಮ್ಮ ಟಿವಿಗೆ ಸಿಕ್ಕಿಸಿದೆವು. ಅದೇ ವಿಡಿಯೋ ಹಾಕಿದೆವು. ಅಲ್ಲಿ ಕನ್ನಡಿಯಂತೆ ತೋರಿಸಿದ ಪೆಟ್ಟಿಗೆ ಇಲ್ಲಿ ಅದೇ ಚೌಕಗಳ ರಾಶಿ ತೋರಿಸಿತು! ಅಂದರೆ ತಪ್ಪು ಟಿವಿಯದಲ್ಲ. ಪೆಟ್ಟಿಗೆಯ ಗುಣವೂ ಅಲ್ಲ.

ನಮ್ಮ ರೂಟರ್ ಇರುವುದು ಒಳಗಿನ ಕೋಣೆಯಲ್ಲಿ. ಫೈಬರ್ ಎಳೆದವರು ಅವರಿಗೆ ಸುಲಭವಾದಲ್ಲಿ ಇಟ್ಟು ಹೋಗಿದ್ದರು. ಅಲ್ಲಿಂದ ಚಾವಡಿಗೆ ಮಧ್ಯೆ ಎರಡು ಮುರಕಲ್ಲಿನ ಗೋಡೆ. ಹಳೆ ಮನೆ, ದಪ್ಪ ಗೋಡೆ. ಅಳಿಯ ರೂಟರಿನ ಪಕ್ಕ ಮೊಬೈಲ್ ಹಿಡಿದು ವೇಗ ಅಳೆದ. ಸೆಕೆಂಡಿಗೆ 48 ಮೆಗಾಬಿಟ್, ಅಂದರೆ 48 ಎಂಬಿಪಿಎಸ್. ಟಿವಿಯ ಪಕ್ಕ ಬಂದು ಅಳೆದರೆ ಒಮ್ಮೆ 2, ಒಮ್ಮೆ 1, ಒಮ್ಮೆ ಅದೂ ಇಲ್ಲ. ಪಂಪು ಸರಿ ಉಂಟು, ಜೆಟ್ ಸರಿ ಉಂಟು. ಮಧ್ಯದ ಪೈಪು ಕಟ್ಟಿಕೊಂಡಿತ್ತು.

ರೂಟರಿನಿಂದ ಟಿವಿಗೆ ನೆಟ್‌ವರ್ಕಿನ ವಯರು ಎಳೆದೆವು. ಅಂಗಡಿಯಲ್ಲಿ ಕ್ಯಾಟ್-6 ಎಂದು ಕೇಳಿದರೆ ಕೊಡುತ್ತಾರೆ. ನೂರು ಮೀಟರಿನವರೆಗೂ ತೊಂದರೆ ಇಲ್ಲ. ನಮಗೆ ಬೇಕಾದದ್ದು 20 ಮೀಟರ್. ಖರ್ಚು ಕೆಲವು ನೂರು ರೂಪಾಯಿ. ಸಂಜೆ ಅದೇ ವಿಡಿಯೋ ಹಾಕಿದಾಗ ಹಳದಿ ಬಳೆ ಸ್ಪಷ್ಟ. ಟಿವಿಯ ಒಳಗಿನ ಯೂಟ್ಯೂಬಿನಲ್ಲಿ ಒಮ್ಮೆ, ಪೆಟ್ಟಿಗೆಯಲ್ಲಿ ಒಮ್ಮೆ ನೋಡಿದೆವು. ವ್ಯತ್ಯಾಸ ಕಾಣಲಿಲ್ಲ.

ವಯರು ಎಳೆಯಲಾಗದಿದ್ದರೆ ರೂಟರನ್ನು ಗೋಡೆಯ ಈಚೆಗೆ ತನ್ನಿ. ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬಗೆ. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. ಎರಡನೆಯದಕ್ಕೆ ವೇಗ ಹೆಚ್ಚು, ಗೋಡೆ ಆಗದು. ರೂಟರ್ ಅದೇ ಕೋಣೆಯಲ್ಲಿದ್ದರೆ 5ಕ್ಕೆ ಹಾಕಿ.

ವಿಡಿಯೋ ಬರುವ ಬಗೆ

ಇಂಟರ್ನೆಟ್ಟಿನ ವಿಡಿಯೋ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ನಾವು ಅಡಿಕೆಯನ್ನು ದರ್ಜೆ ಮಾಡಿ ಇಡುವಂತೆ ಪ್ರತಿ ತುಂಡನ್ನೂ ಹಲವು ದರ್ಜೆಗಳಲ್ಲಿ ಮಾಡಿ ಇಟ್ಟಿರುತ್ತಾರೆ. ನಮ್ಮ ಟಿವಿ ಅಥವಾ ಪೆಟ್ಟಿಗೆ, ಲೈನಿನ ವೇಗ ನೋಡಿ, ತನಗೆ ತಾಳುವ ದರ್ಜೆಯ ತುಂಡನ್ನು ಕೇಳಿ ತರಿಸುತ್ತದೆ. ವೇಗ ಇಳಿದರೆ ಮುಂದಿನ ತುಂಡು ಕೆಳದರ್ಜೆಯದು. ಚಿತ್ರ ನಿಲ್ಲದೆ ಮಸುಕಾಗುವುದು ಇದರಿಂದಲೇ.

ಯೂಟ್ಯೂಬಿನವರು ಹೇಳುವ ಲೆಕ್ಕ ಹೀಗೆ: 360ಪಿ ದರ್ಜೆಗೆ 0.7 ಎಂಬಿಪಿಎಸ್, 480ಪಿಗೆ 1.1, 720ಪಿಗೆ 2.5, 1080ಪಿಗೆ 5, 4ಕೆಗೆ 20. ಅಂದರೆ ಪೂರ್ತಿ ಎಚ್‌ಡಿ ನೋಡಲು ಟಿವಿಯ ಹತ್ತಿರ 5 ಎಂಬಿಪಿಎಸ್ ನಿರಂತರ ಸಿಕ್ಕಿದರೆ ಧಾರಾಳ. ನೂರು, ಇನ್ನೂರು ಎಂಬಿಪಿಎಸ್‌ನ ಪ್ಲಾನಿಗೆ ಹಣ ಕಟ್ಟಿ ಗೋಡೆಯ ಆಚೆ ಚೆಲ್ಲಿದರೆ ಪ್ರಯೋಜನ ಇಲ್ಲ.

5 ಎಂಬಿಪಿಎಸ್ ಎಂದರೆ ಗಂಟೆಗೆ ಸುಮಾರು ಎರಡೂಕಾಲು ಜಿಬಿ. ಇಡೀ ರಾತ್ರಿಯ ಆಟ ಎಂಟು ಗಂಟೆ ನೋಡಿದರೆ 18 ಜಿಬಿ. ಫೈಬರ್ ಇಲ್ಲದೆ ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಟಿವಿ ನೋಡುವವರಿಗೆ ಇದು ಗೊತ್ತಿರಲಿ. ದಿನಕ್ಕೆ 2 ಜಿಬಿಯ ಪ್ಯಾಕು ಪೀಠಿಕೆ ಪ್ರಕರಣದಲ್ಲೇ ಮುಗಿದೀತು! ಸೆಟ್ಟಿಂಗಿನಲ್ಲಿ 480ಪಿಗೆ ಇಳಿಸಿಕೊಂಡರೆ ಅರ್ಧ ಜಿಬಿಯಲ್ಲಿ ಒಂದು ಗಂಟೆ ಓಡುತ್ತದೆ.

ಎರಡರೊಳಗೂ ಒಂದು ಮಿದುಳು

ಹಾಗಾದರೆ ಟಿವಿಗೂ ಪೆಟ್ಟಿಗೆಗೂ ವ್ಯತ್ಯಾಸವೇ ಇಲ್ಲವೆ? ಉಂಟು. ನಮ್ಮ ಕೇಸಿನ ಸುದ್ದಿ ಹಬ್ಬಿದ ಮೇಲೆ ಇನ್ನೆರಡು ಮನೆಗಳಿಂದ ಕರೆ ಬಂತು. ಅಲ್ಲಿ ಕಲಿತದ್ದು ಬೇರೆ ಪಾಠ.

ಸ್ಮಾರ್ಟ್ ಟಿವಿ ಎಂದರೆ ಪರದೆಯ ಹಿಂದೆ ಒಂದು ಪುಟ್ಟ ಕಂಪ್ಯೂಟರ್. ಪೆಟ್ಟಿಗೆ ಎಂದರೆ ಅದೇ ಕಂಪ್ಯೂಟರ್, ಪರದೆ ಇಲ್ಲದೆ. ವಿಡಿಯೋವನ್ನು ಒತ್ತಿ ಸಣ್ಣದು ಮಾಡಿ ಕಳಿಸುತ್ತಾರೆ. ಬಂದದ್ದನ್ನು ಬಿಡಿಸಿ ಹರಡುವ ಕೆಲಸ ಈ ಕಂಪ್ಯೂಟರಿನ ಚಿಪ್ಪಿನದು. ಒತ್ತುವ ವಿದ್ಯೆ ಕಾಲಕಾಲಕ್ಕೆ ಬದಲಾಗಿದೆ. 2003ರಲ್ಲಿ ಎಚ್.264 ಬಂತು. 2013ರಲ್ಲಿ ಎಚ್.265 ಮತ್ತು ವಿಪಿ9. 2018ರಲ್ಲಿ ಎವಿ1. ಹೊಸ ವಿದ್ಯೆಯಲ್ಲಿ ಕಡಿಮೆ ಡಾಟಾದಲ್ಲಿ ಅದೇ ಚಿತ್ರ ಬರುತ್ತದೆ. ಆದರೆ ಬಿಡಿಸಲು ಚಿಪ್ಪಿಗೆ ಗೊತ್ತಿರಬೇಕು. ಯೂಟ್ಯೂಬ್ 4ಕೆ ಚಿತ್ರವನ್ನು ವಿಪಿ9 ಅಥವಾ ಎವಿ1ರಲ್ಲಿ ಕೊಡುತ್ತದೆ. ಅದು ಬಾರದ ಪೆಟ್ಟಿಗೆಗೆ ಎಷ್ಟೇ ವೇಗದ ಲೈನು ಕೊಟ್ಟರೂ 4ಕೆ ಸಿಗದು.

ಎರಡನೆಯ ಮನೆಯದು ಏಳೆಂಟು ವರ್ಷ ಹಳೆಯ ಸ್ಮಾರ್ಟ್ ಟಿವಿ. ರೂಟರ್ ಅದರ ಪಕ್ಕದಲ್ಲೇ ಉಂಟು. ಆದರೂ ಚಿತ್ರ ತಡೆತಡೆದು ಓಡುತ್ತಿತ್ತು. ರಿಮೋಟ್ ಒತ್ತಿದರೆ ಎಣಿಸಿ ಹತ್ತರ ಮೇಲೆ ಕೆಲಸ ಮಾಡುವುದು. ಮಿದುಳು ಮುದಿಯಾಗಿತ್ತು. ಒಳಗಿನ ಜಾಗವೂ ತುಂಬಿತ್ತು. ಬೇಡದ ಆಪ್‌ಗಳನ್ನು ತೆಗೆದಾಗ ಸ್ವಲ್ಪ ಸುಧಾರಿಸಿತು. ಪೂರ್ತಿ ಸರಿಯಾದದ್ದು ಹೊಸ ಪೆಟ್ಟಿಗೆ ಸಿಕ್ಕಿಸಿದ ಮೇಲೆ. ಪರದೆಗೆ ಏನೂ ಆಗಿರಲಿಲ್ಲ. ಅವರು ಹೊಸ ಟಿವಿಗೆ ಮುಂಗಡ ಕೊಡುವವರಿದ್ದರು.

ಪರದೆ ಹತ್ತು ವರ್ಷ ಬಾಳಬಹುದು. ಒಳಗಿನ ಮಿದುಳಿಗೆ ಅಷ್ಟು ಆಯುಸ್ಸಿಲ್ಲ. ಆಪ್‌ಗಳು ಹೊಸತಾಗುತ್ತ ಹೋಗುತ್ತವೆ, ಚಿಪ್ಪು ಅಲ್ಲೇ ಇರುತ್ತದೆ. ಕೊನೆಗೆ ಆಪಿನವರೇ ಕೈಬಿಡುವುದೂ ಉಂಟು. 2019ರ ಡಿಸೆಂಬರಿನಿಂದ ಕೆಲವು ಹಳೆ ಸ್ಯಾಮ್‌ಸಂಗ್ ಟಿವಿಗಳಲ್ಲೂ ಕೆಲವು ಹಳೆ ರೋಕು ಪೆಟ್ಟಿಗೆಗಳಲ್ಲೂ ನೆಟ್‌ಫ್ಲಿಕ್ಸ್ ನಿಂತಿತು. ಟಿವಿಯಾಗಲಿ, ಪೆಟ್ಟಿಗೆಯಾಗಲಿ, ಹಳತಾದರೆ ಇದೇ ಪಾಡು. ಆದರೆ ಪೆಟ್ಟಿಗೆ ಬದಲಿಸುವುದು ಮೋಟರಿನ ಕೆಪಾಸಿಟರ್ ಬದಲಿಸಿದ ಹಾಗೆ. ಟಿವಿಯನ್ನೇ ಬದಲಿಸುವುದು ಪಂಪನ್ನೇ ಬದಲಿಸಿದ ಹಾಗೆ.

ಅಗ್ಗದ '4ಕೆ' ಪೆಟ್ಟಿಗೆ

ಮೂರನೆಯ ಮನೆಯದು ತದ್ವಿರುದ್ಧ ಕಥೆ. ಹೊಸ ಪೆಟ್ಟಿಗೆ. ಮೇಲೆ ದೊಡ್ಡದಾಗಿ '4ಕೆ' ಎಂದು ಬರೆದಿತ್ತು. ಯೂಟ್ಯೂಬ್ ಚೆನ್ನಾಗಿಯೇ ಬರುತ್ತಿತ್ತು. ಹಣ ಕಟ್ಟಿ ನೋಡುವ ಸಿನಿಮಾ ಮಾತ್ರ ಮಸುಕು.

ಹಣದ ಆಪ್‌ಗಳವರಿಗೆ ಕಳ್ಳ ಪ್ರತಿಯ ಭಯ. ಹಾಗಾಗಿ ಚಿತ್ರಕ್ಕೆ ಬೀಗ ಹಾಕಿ ಕಳಿಸುತ್ತಾರೆ. ಆಂಡ್ರಾಯ್ಡ್ ಪೆಟ್ಟಿಗೆ, ಟಿವಿಗಳಲ್ಲಿ ಈ ಬೀಗದ ಹೆಸರು ವೈಡ್‌ವೈನ್. ಎಲ್1 ಎಂದರೆ ಚಿಪ್ಪಿನ ಒಳಗೇ ಭದ್ರವಾಗಿ ಬೀಗ ತೆಗೆಯುವ ವ್ಯವಸ್ಥೆ. ಎಲ್3ರಲ್ಲಿ ಆ ಭದ್ರತೆ ಇಲ್ಲ. ಎಲ್3 ಪೆಟ್ಟಿಗೆಗಳಿಗೆ ಇಂಥ ಆಪ್‌ಗಳು ಸಾಮಾನ್ಯವಾಗಿ 480ಪಿಯಷ್ಟೇ ಕೊಡುತ್ತವೆ. ನೆಟ್‌ಫ್ಲಿಕ್ಸಿನವರು ಇದರ ಮೇಲೆ ತಮ್ಮದೇ ಒಪ್ಪಿಗೆಯನ್ನೂ ಕೇಳುತ್ತಾರೆ. ಯೂಟ್ಯೂಬಿನ ಪುಕ್ಕಟೆ ವಿಡಿಯೋಗಳಿಗೆ ಈ ಬೀಗ ಇಲ್ಲ. ಅದಕ್ಕೇ ಅಲ್ಲಿ ಚಂದ, ಇಲ್ಲಿ ಮಸುಕು. ಕೊಳ್ಳುವಾಗ 'ಎಲ್1 ಉಂಟಾ, ನೆಟ್‌ಫ್ಲಿಕ್ಸಿನ ಒಪ್ಪಿಗೆ ಉಂಟಾ' ಎಂದು ಕೇಳಿ. ಅಂಗಡಿಯವರು ಮುಖ ಮುಖ ನೋಡಿದರೆ ಆ ಪೆಟ್ಟಿಗೆ ಬಿಟ್ಟುಬಿಡಿ. ಒಳ್ಳೆಯ ಹೆಸರಿನ ಸ್ಮಾರ್ಟ್ ಟಿವಿಗಳಲ್ಲಿ ಈ ತಾಪತ್ರಯ ಕಡಿಮೆ.

ಪೆಟ್ಟಿಗೆಯಲ್ಲಿ ಇನ್ನೂ ಕೆಲವು ಸಣ್ಣ ತಡೆಗಳುಂಟು. ಟಿವಿಯಲ್ಲಿ ಇವು ಇಲ್ಲ:

* ಕಡ್ಡಿಯಂಥ ಪುಟ್ಟ ಪೆಟ್ಟಿಗೆ ಟಿವಿಯ ಬೆನ್ನಿಗೆ ಅಂಟಿ ಕೂತರೆ ಟಿವಿಯ ತಗಡೇ ವೈಫೈಗೆ ಅಡ್ಡ. ಜತೆಗೆ ಬರುವ ಗಿಡ್ಡ ವಯರು ಹಾಕಿ ಸ್ವಲ್ಪ ಹೊರಗೆ ತನ್ನಿ.

* ಟಿವಿಯ ಯುಎಸ್‌ಬಿಯಿಂದ ಅದಕ್ಕೆ ಕರೆಂಟು ಕೊಡಬೇಡಿ. ಸಾಲದೆ ಬಂದು ನಡುವೆ ನಿಂತೀತು. ಅದರದೇ ಅಡಾಪ್ಟರ್ ಬಳಸಿ.

* 4ಕೆಗೆ ಪೆಟ್ಟಿಗೆ, ವಯರು, ಟಿವಿಯ ತೂತು ಮೂರೂ ತಕ್ಕುದಿರಬೇಕು. ಟಿವಿಯ ಎಚ್‌ಡಿಎಂಐ ತೂತಿಗೆ ಎಚ್‌ಡಿಸಿಪಿ 2.2 ಎಂಬ ಬೀಗದ ಒಪ್ಪಂದ ಗೊತ್ತಿಲ್ಲದಿದ್ದರೆ ಹಣದ ಆಪ್‌ಗಳು 4ಕೆ ಕೊಡವು. ಕೆಲವು ಟಿವಿಗಳಲ್ಲಿ ಎಲ್ಲ ತೂತೂ ಒಂದೇ ಅಲ್ಲ. ಬದಲಿಸಿ ನೋಡಿ.

* ಬಣ್ಣ ಬೇರೆ ಕಂಡರೆ ಪೆಟ್ಟಿಗೆಯನ್ನು ದೂರಬೇಡಿ. ಟಿವಿ ತನ್ನ ಒಳಗಿನ ಆಪ್‌ಗಳಿಗೂ ಎಚ್‌ಡಿಎಂಐಗೂ ಬಣ್ಣದ ಸೆಟ್ಟಿಂಗನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದುಂಟು. ಎರಡನ್ನೂ ಒಂದೇ ಮಾಡಿ, ಮತ್ತೆ ಹೋಲಿಸಿ.

ಡಿಟಿಎಚ್ ಪೆಟ್ಟಿಗೆ ಬೇರೆ

ನಮ್ಮಲ್ಲಿ ಸೆಟ್‌ಟಾಪ್ ಬಾಕ್ಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮಾಡಿನ ಮೇಲಿನ ಡಿಶ್. ದೂರದರ್ಶನದ ಪುಕ್ಕಟೆ ಡಿಶ್ ಸೇವೆ 2004ರ ಡಿಸೆಂಬರಿನಲ್ಲಿ ಶುರುವಾಯಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ಇದರಲ್ಲಿ ಚಿತ್ರ ಉಪಗ್ರಹದಿಂದ ನೇರ ಇಳಿಯುತ್ತದೆ. ಇಂಟರ್ನೆಟ್ಟಿನ ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. ವೇಗ ನೋಡಿ ದರ್ಜೆ ಇಳಿಸುವ ಕ್ರಮವೂ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಆಟಿಯ ಜಡಿಮಳೆಗೆ ಚಿತ್ರ ಹೋಗುವುದು ಮೋಡ, ಮಳೆ ಆ ಅಲೆಗಳನ್ನು ಹೀರುವುದರಿಂದ. ಫೈಬರಿಗೆ ಮಳೆಯ ಭಯ ಇಲ್ಲ. ವಯರಿನ ಮೇಲೆ ಮರ ಬೀಳುವ ಭಯ.

ಡಿಶ್ಶೂ ಇಂಟರ್ನೆಟ್ಟೂ ಒಂದರಲ್ಲೇ ಇರುವ ಪೆಟ್ಟಿಗೆಗಳನ್ನು ನಮ್ಮ ಡಿಟಿಎಚ್ ಕಂಪೆನಿಗಳು 2019-20ರಲ್ಲಿ ತಂದವು. ಇವುಗಳಲ್ಲಿ ಚಾನೆಲ್ ಚೆನ್ನಾಗಿ ಬಂದು ಯೂಟ್ಯೂಬ್ ಮಸುಕಾದರೆ ಡಿಶ್ ತಿರುಗಿಸಬೇಡಿ. ವೈಫೈ ನೋಡಿ.

ಒಂದು ಸಾಮಾನ್ಯ ತಪ್ಪು ಹೇಳಲೇಬೇಕು. ಎಚ್‌ಡಿ ಪೆಟ್ಟಿಗೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಾರೆ. ಟಿವಿಗೆ ಸಿಕ್ಕಿಸಿದ್ದು ಹಳದಿ-ಬಿಳಿ-ಕೆಂಪು ಮೂರು ಬಣ್ಣದ ಹಳೆ ವಯರು! ಅದರಲ್ಲಿ ಎಚ್‌ಡಿ ಹೋಗುವುದೇ ಇಲ್ಲ. ಎಚ್‌ಡಿಎಂಐ ವಯರು ಹಾಕಿ.

ಐದು ನಿಮಿಷದ ಪರೀಕ್ಷೆ

ಅಳಿಯ ಕಲಿಸಿಕೊಟ್ಟ ಒಂದು ಉಪಾಯ ಎಲ್ಲರಿಗೂ ಉಪಯೋಗ. ಟಿವಿಯ ಯೂಟ್ಯೂಬಿನಲ್ಲಿ ವಿಡಿಯೋ ಓಡುತ್ತಿರುವಾಗ ಸೆಟ್ಟಿಂಗಿನ ಚಕ್ರದ ಗುರುತು ಒತ್ತಿ. 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂದಿರುತ್ತದೆ. ಅದನ್ನು ಆರಿಸಿದರೆ ಮೂಲೆಯಲ್ಲಿ ಸಣ್ಣ ಅಕ್ಷರದ ಪಟ್ಟಿ ಮೂಡುತ್ತದೆ. ನಮ್ಮ ತೋಟದ ಪ್ರೆಷರ್ ಗೇಜ್ ಇದ್ದ ಹಾಗೆ. ನೋಡಬೇಕಾದ್ದು ಮೂರೇ: ಚಿತ್ರದ ಅಳತೆ, ಲೈನಿನ ವೇಗ, ಕಳಚಿಹೋದ ಚಿತ್ರಗಳ ಲೆಕ್ಕ. ಕೊನೆಯದಕ್ಕೆ ಅಲ್ಲಿ 'ಡ್ರಾಪ್ಡ್ ಫ್ರೇಮ್ಸ್' ಎಂದಿರುತ್ತದೆ.

* ಅಳತೆ 640, 854ರಂಥ ಸಣ್ಣ ಅಂಕೆ, ವೇಗವೂ ಕಡಿಮೆ: ತಡೆ ಲೈನಿನಲ್ಲಿ ಅಥವಾ ಗೋಡೆಯಲ್ಲಿ. ಟಿವಿ, ಪೆಟ್ಟಿಗೆ ಯಾವುದನ್ನೂ ಬದಲಿಸಬೇಡಿ.

* ಅಳತೆ 1920 x 1080, ವೇಗ ಸಾಕಷ್ಟು, ಆದರೆ ಕಳಚಿದ ಚಿತ್ರಗಳ ಲೆಕ್ಕ ಓಡುತ್ತಲೇ ಉಂಟು: ತಡೆ ಮಿದುಳಿನಲ್ಲಿ. ಬೇರೆ ಪೆಟ್ಟಿಗೆ ಒಳ್ಳೆಯದು.

* ಎಲ್ಲ ಸರಿ ಉಂಟು, ಆದರೂ ಮಸುಕು: ವಿಡಿಯೋ ತೆಗೆದಲ್ಲೇ ಮಸುಕು. ಅಥವಾ ವಯರು, ಪೆಟ್ಟಿಗೆಯ ಔಟ್‌ಪುಟ್ ಸೆಟ್ಟಿಂಗ್ ನೋಡಿ.

ಈ ಮೂರನೆಯದು ಯಕ್ಷಗಾನ ಪ್ರಿಯರಿಗೆ ಮುಖ್ಯ. ಹನುಮಗಿರಿ ಮೇಳದ ಊರು ನಮ್ಮದು. ಆಟದ ನೇರ ಪ್ರಸಾರಕ್ಕೆ ಊರಲ್ಲೂ ಪರವೂರಲ್ಲೂ ಕಾದು ಕೂರುವವರಿದ್ದಾರೆ. ರಂಗಸ್ಥಳದ ಹತ್ತಿರದಿಂದ ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುವಾಗ ಅಲ್ಲಿಯೇ ವೇಗ ಸಾಲದಿದ್ದರೆ, ಇಲ್ಲಿ ಲಕ್ಷದ ಟಿವಿ ಇದ್ದರೂ ಅಷ್ಟೇ. ಭಾಗವತರು ಕೂತು ಹಾಡುವಾಗ ಚಿತ್ರ ಚೆನ್ನಾಗಿದ್ದು, ವೇಷಧಾರಿ ದಿಗಿಣ ಹಾಕಿದ ಕೂಡಲೇ ಚೌಕ ಚೌಕವಾಗುವುದನ್ನು ಗಮನಿಸಿದ್ದೀರಾ? ಅಲುಗಾಡದ ಚಿತ್ರಕ್ಕೆ ಡಾಟಾ ಕಡಿಮೆ ಸಾಕು. ಸುತ್ತುವ ಚಿತ್ರಕ್ಕೆ ಹೆಚ್ಚು ಬೇಕು. ಸಿಗದಾಗ ದಿಗಿಣವೇ ಮೊದಲು ಒಡೆಯುವುದು.

ಸಿಡಿಲಿಗೆ ಎರಡೂ ಒಂದೇ

ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಬಾರದು ಎಂದು ಧೈರ್ಯದಲ್ಲಿರುವವರಿದ್ದಾರೆ. ಎಳೆಯಲ್ಲಿ ಬಾರದು, ನಿಜ. ಆದರೆ ರೂಟರ್, ಪೆಟ್ಟಿಗೆ, ಟಿವಿ ಮೂರೂ ಕರೆಂಟಿನ ಪ್ಲಗ್ಗಿನಲ್ಲಿ ಇರುತ್ತವೆ. ಡಿಶ್ಶಿನ ವಯರಂತೂ ತಾಮ್ರ. ನಾನು ಎಳೆದ ನೆಟ್‌ವರ್ಕ್ ವಯರೂ ತಾಮ್ರವೇ. ಗುಡುಗು ಕೇಳುವ ಮೊದಲೇ ಪ್ಲಗ್ಗೂ ವಯರೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಯಾವುದು ಕೊಳ್ಳಬೇಕು?

ಈಗಿರುವ ಟಿವಿಯ ಪರದೆ ಸರಿ ಇದ್ದರೆ, ಎಚ್‌ಡಿಎಂಐ ತೂತಿದ್ದರೆ, ಒಪ್ಪಿಗೆ ಇರುವ ಪೆಟ್ಟಿಗೆ ಸಾಕು. ಟಿವಿಯೇ ಇಲ್ಲದವರು, ಹಾಳಾದವರು ಸ್ಮಾರ್ಟ್ ಟಿವಿ ತರಲಿ. ಪರದೆ ನೋಡಿ ಆರಿಸಲಿ. ಒಳಗಿನ ಮಿದುಳು ಮುದಿಯಾದ ದಿನ ಪೆಟ್ಟಿಗೆ ಇದ್ದೇ ಇದೆ. ಸಣ್ಣ ಪರದೆಗೆ 4ಕೆಯ ಆಸೆ ಬೇಡ. 32 ಇಂಚಿನ ಎಚ್‌ಡಿ ರೆಡಿ ಪರದೆಯಲ್ಲಿ ಇರುವುದು ಹತ್ತೂವರೆ ಲಕ್ಷ ಚುಕ್ಕಿ. 4ಕೆ ಚಿತ್ರದಲ್ಲಿರುವುದು ಸುಮಾರು 83 ಲಕ್ಷ. ಕೊಟ್ಟರೂ ತೋರಿಸಲು ಅಲ್ಲಿ ಜಾಗ ಇಲ್ಲ.

ಎಲ್ಲಕ್ಕಿಂತ ಮೊದಲು ನಿಮ್ಮ ಟಿವಿಯ ಪಕ್ಕ ನಿಂತು ವೇಗ ಅಳೆಯಿರಿ. ಫಾಸ್ಟ್ ಡಾಟ್ ಕಾಮ್ ಎಂದು ಮೊಬೈಲಿನಲ್ಲಿ ತೆರೆದರೆ ಅರ್ಧ ನಿಮಿಷದ ಕೆಲಸ. ಮೊಬೈಲಿನ ಡಾಟಾ ಬಂದ್ ಮಾಡಿ ವೈಫೈಯಲ್ಲೇ ಅಳೆಯಲು ಮರೆಯಬೇಡಿ. ನಾನು ಅದನ್ನು ಮೊದಲೇ ಮಾಡಿದ್ದರೆ ಒಂದು ವರ್ಷ ಮಸುಕು ನೋಡಬೇಕಾಗಿರಲಿಲ್ಲ.

ಮೊನ್ನೆ ಮತ್ತೆ ಅದೇ ಬಳಗ ಚಾವಡಿಯಲ್ಲಿ ಸೇರಿತು. ಕೊಕ್ಕೋ ಗೆಲ್ಲು ಸವರುವ ವಿಡಿಯೋ. ಯಾವ ಗೆಲ್ಲು, ಎಲ್ಲಿ ಕತ್ತರಿಸುವುದು, ಎಲ್ಲ ಕಂಡಿತು. ಚುಕ್ಕಿ ಕೇಳಿದ ಹಿರಿಯರು ಏನೂ ಕೇಳಲಿಲ್ಲ. ಎದ್ದು ಹೋಗುವಾಗ, 'ಆ ವಯರು ಎಷ್ಟು ಮೀಟರ್ ಬೇಕಾಯ್ತು ನಿಮಗೆ?' ಎಂದರು.

ನಿಮ್ಮ ಮನೆಯ ತಡೆ ಬೇರೆ ಇರಬಹುದು. ಹುಡುಕಿದವರು, ಸರಿ ಮಾಡಿದವರು ಇದ್ದರೆ ಬರೆದು ತಿಳಿಸಿ.